ಫೋಟೋದವಳ ಊರುಗೋಲು

ಗಾಜು ಒರೆಸಿದ್ದಾರೆ, ಆದರೆ ಮೂಲೆ ಬಿಟ್ಟಿದ್ದಾರೆ, ಮೂಲೆಯಲ್ಲಿ ಉಪ್ಪು ಹಾಗೇ ಬೆಳ್ಳಗೆ ಕೂತಿದೆ, ಸಮುದ್ರದ ಗಾಳಿ ತಂದು ಅಂಟಿಸುವ ಉಪ್ಪು, ಒಣ ಬಟ್ಟೆಗೆಲ್ಲ ಅದು ಜಗ್ಗುವುದಿಲ್ಲ — ಬೆರಳು ತಾನಾಗಿಯೇ ಹೋಗುತ್ತದೆ, ಉಗುರಿನಿಂದ ಕೆರೆಯುತ್ತೇನೆ, ಅಮ್ಮಾ, ಅಮ್ಮಾ, ಮುಟ್ಬೇಡಿ ಪ್ಲೀಸ್, ಹಗ್ಗದ ಒಳಗೆ ಯಾರೂ ಹೋಗೋ ಹಾಗಿಲ್ಲ, ಎಂದು ಹಿಂದಿನಿಂದ ಕನ್ನಡಕದ ಹುಡುಗಿ ಓಡಿಬರುತ್ತಾಳೆ, ಈ ದೀಪಸ್ತಂಭವನ್ನೂ ಅದರ ಬುಡದ ಮನೆಯನ್ನೂ ಮ್ಯೂಸಿಯಂ ಮಾಡುವ ಕೆಲಸ ಅವಳದು, ಒಳ್ಳೆಯ ಹುಡುಗಿಯೇ, ಬೆಳಿಗ್ಗೆ ಜೀಪಿನಿಂದ ಇಳಿಯುವಾಗ ಕೈ ಕೊಟ್ಟಳು, ಆದರೆ ಮುಟ್ಟಬೇಡಿ ಅಂದರೆ ಏನು ಮಗಳೇ, ಇದು ನನ್ನ ಅಡುಗೆಮನೆ, ಇಪ್ಪತ್ತು ಚಿಲ್ಲರೆ ವರ್ಷ ಈ ಕಿಟಕಿಯ ಮುಂದೆ ನಿಂತು ಬೇಯಿಸಿದ್ದೇನೆ, ಸೀಯಿಸಿದ್ದೇನೆ, ಅತ್ತಿದ್ದೇನೆ, ಮೂಗೊರೆಸಿಕೊಂಡು ಮತ್ತೆ ಬೇಯಿಸಿದ್ದೇನೆ — ಹೇಳುವುದಿಲ್ಲ, ಹೇಳಿ ಏನಾಗಬೇಕು, ಕೆಂಪು ಹಗ್ಗದ ಕೆಳಗೆ ನುಸುಳಿ ಈಚೆಗೆ ಬರುತ್ತೇನೆ, ಸೊಂಟ ಕಟಕ್ ಎನ್ನುತ್ತದೆ. ಹಗ್ಗದ ಆಚೆ ನನ್ನ ಚಹಾದ ಕೆಟಲ್, ಹಿಡಿ ಮುರಿದಾಗ ನಾನೇ ತಂತಿ ಸುತ್ತಿದ್ದು, ನನ್ನ ಉಪ್ಪಿನ ಜಾಡಿ, ನನ್ನ ಸೀಮೆಎಣ್ಣೆ ಸ್ಟವ್, ದೀಪ ನಿಲ್ಲಿಸಿ ನಮ್ಮನ್ನು ಪೇಟೆಗೆ ಕಳಿಸಿದಾಗ ಹಾಳು ಹಳೇ ಸಾಮಾನು ಎಂದು ಬಿಟ್ಟುಹೋದದ್ದು, ಎಲ್ಲವನ್ನೂ ತಿಕ್ಕಿ ಹೊಳೆಯಿಸಿ ಇಟ್ಟಿದ್ದಾರೆ, ನಾನು ಒಂದು ದಿನವೂ ಇಷ್ಟು ಹೊಳೆಯಿಸಿರಲಿಲ್ಲ, ಮತ್ತು ಅವೆಲ್ಲದರ ಮೇಲೆ, ಗೋಡೆಯ ತುಂಬ, ಅವಳು. ಫೋಟೋದವಳು. ಕೆಳಗೆ ದೊಡ್ಡ ಅಕ್ಷರದಲ್ಲಿ, ದೀಪದ ಕಾವಲುಗಾರನ ಪತ್ನಿ. ಬಂದವರು ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಕೆಟಲ್ ನೋಡುತ್ತಾರೆ, ಆಮೇಲೆ ತಲೆದೂಗುತ್ತಾರೆ, ಪಾಪ ಎಂಥ ಕಷ್ಟದ ಜೀವನ ಅಲ್ವಾ, ಈ ಹುಡುಗಿ ಇಲ್ಲೇ ಅಡುಗೆ ಮಾಡ್ತಿದ್ಲಂತೆ ನೋಡು — ಮಾಡ್ತಿದ್ಲಂತೆ! ತಂತಿ ಸುತ್ತಿದ ಬೆರಳು ನನ್ನ ಶಾಲಿನೊಳಗೆ ಮುದುಡಿಕೊಂಡು ನಿಂತಿದೆ, ಅದನ್ನು ಯಾರು ನೋಡಬೇಕು.

ಈ ಸಲ ಆಳೆತ್ತರ ಮಾಡಿಸಿದ್ದಾರೆ, ಹಲ್ಲೂ ಎಣಿಸಬಹುದು, ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದಾಳೆ, ಒಂದು ಕೈ ಹುಬ್ಬಿನ ಮೇಲೆ, ಕೂದಲೆಲ್ಲ ಗಾಳಿಗೆ ಕಪ್ಪು ಬಾವುಟದ ಹಾಗೆ ಒಂದೇ ಕಡೆ ಹಾರಿ, ಹಿಂದೆ ದೀಪದ ಗಾಜು, ಕೆಳಗೆ ಬಂಡೆಗೆ ಬಡಿಯುವ ನೊರೆ, ಯಾವುದೋ ಪತ್ರಿಕೆಯವನು ಬಿರುಗಾಳಿಯ ಚಿತ್ರ ತೆಗೆಯಲು ಬಂದವನು ಇವಳನ್ನು ತೆಗೆದುಕೊಂಡು ಹೋದ, ಅದು ಕಾರ್ಡಾಯಿತು, ಕ್ಯಾಲೆಂಡರಾಯಿತು, ಬಿಸ್ಕತ್ತಿನ ಡಬ್ಬಿಯ ಮುಚ್ಚಳವೂ ಆಯಿತು, ದೂರ ಹೋದ ಹಡಗುಗಳಿಗಾಗಿ ಕಾಯುವ ಹೆಣ್ಣು ಎಂದು ಯಾರೋ ಹೆಸರಿಟ್ಟರು, ಬೇಕರಿಗೆ ಹೋದರೆ ಗಲ್ಲಾದ ಹಿಂದೆ ಅವಳು, ಅಂಚೆ ಕಚೇರಿಗೆ ಹೋದರೆ ಅಲ್ಲಿ ಅವಳು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಮಲಗಿದರೆ ಎದುರು ಗೋಡೆಯ ಮೇಲೆ ಅವಳು, ಹಲ್ಲು ಕಡಿಯೋಣವೆಂದರೆ ಬಾಯಲ್ಲಿ ಡಾಕ್ಟರ ಕೈ. ಇವರ, ಅಂದರೆ ನನ್ನ ಗಂಡನ, ಮೊದಲ ಹೆಂಡತಿ, ಈ ಮನೆಯಲ್ಲಿ ಒಂದು ವರ್ಷವೂ ಪೂರ್ತಿ ಇರಲಿಲ್ಲ, ಒಂದು ಬೆಳಿಗ್ಗೆ ಪೆಟ್ಟಿಗೆ ತೆಗೆದುಕೊಂಡು ನಡೆದಳು, ವಿಚ್ಛೇದನದ ಕಾಗದಪತ್ರ ಎಲ್ಲ ಮುಗಿದು ಆಮೇಲೆ ನಾನು ಬಂದೆ, ಸತ್ತಿದ್ದರೆ ಒಂದು ಥರ, ಸತ್ತವರ ಜೊತೆ ಹೇಗೋ ಹೊಂದಿಕೊಂಡು ಹೋಗಬಹುದು, ಸವತಿ ಅಂದರೆ ಸವತಿಯೂ ಅಲ್ಲ, ಜಗಳ ಆಡೋಣ ಎಂದರೆ ಎದುರಿಗೆ ಇಲ್ಲ, ಎಲ್ಲೋ ಇದ್ದಾಳೆ, ವಯಸ್ಸಾಗದೆ, ಕೂದಲು ಹಾರಿಸಿಕೊಂಡು. ಅವಳ ಸುದ್ದಿ ಎತ್ಬೇಡಮ್ಮ, ಅವನಿಗೆ ಸಿಟ್ಟು ಬರುತ್ತೆ, ಎನ್ನುತ್ತಿದ್ದರು ಅತ್ತೆ, ಸಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ನಾನೇ ಒಮ್ಮೆ ಪರೀಕ್ಷೆ ಮಾಡಿದೆ, ಊಟದ ಮಧ್ಯೆ, ಅವಳು ಹೇಗಿದ್ದಳು ಅಂದೆ, ಇವರು ತಟ್ಟೆ ನೋಡುತ್ತಾ ಸ್ವಲ್ಪ ಉಪ್ಪು ಕೊಡು ಅಂದರು. ಉಪ್ಪು ಕೊಟ್ಟೆ. ಮೂವತ್ತು ವರ್ಷದಿಂದ ಕೊಡುತ್ತಲೇ ಇದ್ದೇನೆ, ನಮ್ಮ ಮಗಳು ಹುಟ್ಟಿ ಈ ಜಗಲಿಯ ಮೇಲೆ ಅಂಬೆಗಾಲಿಟ್ಟಳು, ಇವರು ಮೇಲೆ ದೀಪ ತಿರುಗಿಸಿದರು, ನಾನು ಕೆಳಗೆ ಉಪ್ಪು ಕೊಟ್ಟೆ, ಅದರ ಫೋಟೋ ತೆಗೆದು ಯಾರಾದರೂ ಗೋಡೆಗೆ ಹಾಕಿದರೇ.

ಇಷ್ಟಾದರೂ ಬೆಳಿಗ್ಗೆ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದೆ, ಮ್ಯೂಸಿಯಂ ತೆರೆಯುವ ದಿನ, ಹಳೆಯ ಕಾವಲುಗಾರರು ಕುಟುಂಬ ಸಮೇತ ಬರಬೇಕು ಎಂದು ಕರೆದಿದ್ದರು, ಕುಟುಂಬ ಅಂದರೆ ನಾನು ಅಂದುಕೊಂಡೆ, ಪೆಟ್ಟಿಗೆಯ ಅಡಿಯಿಂದ ಹಸಿರು ಶಾಲು ತೆಗೆದೆ, ಇವರ ಕೋಟಿಗೆ ಗುಂಡಿ ಹೊಲಿದೆ — ಸರ್, ಅವರು ಬಂದ್ರು, ಎಂದು ಕನ್ನಡಕದ ಹುಡುಗಿ ಇವರ ಕಿವಿಯ ಹತ್ತಿರ ಹೇಳಿದಾಗಲೂ ಯಾರೋ ದೊಡ್ಡ ಅಧಿಕಾರಿ ಇರಬೇಕು ಅಂದುಕೊಂಡೆ, ಯಾರಮ್ಮಾ ಬಂದಿದ್ದು ಅಂದರೆ ಹುಡುಗಿ ಫೋಟೋದ ಕಡೆ ಕೈ ತೋರಿಸಿ ನಗುತ್ತಾಳೆ, ಅವರೇ ಅಮ್ಮಾ! ಹುಡುಕೋಕೆ ಎಷ್ಟು ಒದ್ದಾಡಿದ್ವಿ ಗೊತ್ತಾ, ಕೊನೆಗೆ ಸರ್ರೇ ಹೇಳಿದ್ರು ಯಾವ ಊರಲ್ಲಿದ್ದಾರೆ ಅಂತ. ಸರ್ರೇ ಹೇಳಿದರು. ನಾನು ಇವರ ಮುಖ ನೋಡಿದೆ, ಇವರು ನಾನೇ ಹೊಲಿದ ಗುಂಡಿಯನ್ನು ತಿರುಗಿಸುತ್ತಾ ನಿಂತಿದ್ದಾರೆ, ನಿಮಗೆ ಹೇಗೆ ಗೊತ್ತು ಅವಳ ಊರು, ಅವಳ ತಮ್ಮ ಒಂದ್ಸಲ ಬಸ್ಸಲ್ಲಿ ಸಿಕ್ಕಿದ್ದ, ಯಾವಾಗ, ಆಗ್ಲೇ ತುಂಬಾ ವರ್ಷ ಆಯ್ತು, ನನಗೆ ಹೇಳಲಿಲ್ಲ, ಹೇಳೋಣ ಅಂತಿದ್ದೆ. ಹೇಳೋಣ ಅಂತಿದ್ದರಂತೆ! ಬೇಳೆ ಮುಗಿದಿದೆ ಎಂದು ಹೇಳಲು ಮರೆತ ಹಾಗೆ, ಇಷ್ಟು ವರ್ಷ ಆ ಊರಿನ ಹೆಸರನ್ನು ಬಾಯಲ್ಲಿ ಇಟ್ಟುಕೊಂಡೇ ನನ್ನ ಪಕ್ಕ ಮಲಗಿದ್ದರು, ಕನಸಿನಲ್ಲಾದರೂ ಜಾರಿ ಬೀಳಲಿಲ್ಲ ಅದು, ಎಂಥ ಗಟ್ಟಿ ಬಾಯಿ.

ಕಾರಿನ ಬಾಗಿಲು ತೆರೆದು ಮೊದಲು ಊರುಗೋಲು ಇಳಿಯಿತು, ಕೆಳಗೆ ರಬ್ಬರಿನ ಬೂಟು ಹಾಕಿದ ದಪ್ಪ ಕೋಲು, ಆಮೇಲೆ ಊದಿದ ಪಾದ, ಆಮೇಲೆ ಒಂದು ದೊಡ್ಡ ಕೈಚೀಲ, ಕೊನೆಗೆ ಅವಳು, ಉಸ್ಸಪ್ಪಾ ಎನ್ನುತ್ತಾ, ದುಂಡಗೆ, ಗಿಡ್ಡಗೆ, ಕೂದಲೆಲ್ಲ ಬೆಳ್ಳಗಾಗಿ ಕಿವಿಯ ಮೇಲಕ್ಕೆ ಕತ್ತರಿಸಿದ್ದು — ಒಂದು ಕ್ಷಣ, ಸುಳ್ಳೇಕೆ, ಜೀವಕ್ಕೆ ಹಾಲು ಹೊಯ್ದ ಹಾಗಾಯಿತು, ಇವಳಾ, ಇವಳಿಗಾಗಿಯಾ ನಾನು ಬೇಕರಿ ಬದಲಾಯಿಸಿದ್ದು, ಈಗ ಎಲ್ಲರೂ ನೋಡಲಿ, ಫೋಟೋ ಒಂದು ಕಡೆ ಇವಳೊಂದು ಕಡೆ ನಿಲ್ಲಿಸಿ ನೋಡಲಿ. ನೋಡಿದರು, ನೋಡಿ ಎಲ್ಲರೂ ಅವಳಿಗೆ ಮರುಳಾದರು, ಯಾಕೆಂದರೆ ಅವಳು ಗೋಡೆ ನೋಡಿ ಸೊಂಟಕ್ಕೆ ಕೈಯಿಟ್ಟು ಘೊಳ್ಳನೆ ನಕ್ಕುಬಿಟ್ಟಳು, ಅಯ್ಯೋ ದೇವರೇ, ಈ ಹುಡುಗಿ ಯಾರ ಮಗಳಪ್ಪಾ, ಇವಳಿಗೆ ಯಾರಾದ್ರೂ ಊಟ ಹಾಕಿ! ಎಲ್ಲರೂ ನಕ್ಕರು, ಮ್ಯೂಸಿಯಂ ತೆರೆಯಲು ಬಂದ ಸಾಹೇಬರೂ ನಕ್ಕರು, ಕ್ಯಾಮೆರಾಗಳು ಚಟಚಟ ಅಂದವು. ಕನ್ನಡಕದ ಹುಡುಗಿ ಕೆಟಲ್ ತೋರಿಸಿ ಮೇಡಂ ಇದು ನೆನಪಿದ್ಯಾ ಅಂದಳು, ನಾನು ಕತ್ತು ಚಾಚಿದೆ, ಅವಳು ಬಗ್ಗಿ ನೋಡಿದಳು, ಇದು ನಂದಲ್ಲಮ್ಮಾ, ನಂಗೆ ಆಗ ನೀರು ಕಾಯಿಸೋಕೂ ಬರ್ತಿರ್ಲಿಲ್ಲ, ಪಾಪ ಇವರೇ ಮಾಡಿ ಹಾಕ್ತಿದ್ರು — ಮತ್ತೆ ನಗು, ಮತ್ತೆ ಚಟಚಟ, ನನ್ನ ಕೆಟಲನ್ನು ಅಲ್ಲಗಳೆದರೂ ಗೆದ್ದವಳು ಅವಳೇ, ಮತ್ತು ಆ ಮಾತು, ಇವರೇ ಮಾಡಿ ಹಾಕ್ತಿದ್ರು! ಇವರು ಒಲೆ ಹಚ್ಚಿದ್ದನ್ನು ನಾನು ಕಂಡಿಲ್ಲ, ಬಾಣಂತಿ ಮಲಗಿದ್ದಾಗಲೂ ಅತ್ತೆ ಬರಬೇಕಾಯಿತು. ಇವರು ಎದುರಿಗೆ ಹೋಗಿ ನಿಂತರು, ಚೆನ್ನಾಗಿದ್ದೀಯಾ ಅಂದರು, ನೀನು ಅನ್ನುವ ಅಕ್ಷರ ಮರೆತಿಲ್ಲ, ಅವಳು ಚೆನ್ನಾಗಿದ್ದೀನಿ, ಮಂಡಿ ಒಂದು ಬಿಟ್ಟು, ಅಂದಳು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ, ನೀವೇ ಅಲ್ವಾ ಆಮೇಲಿನವರು, ಎಂದು ಎರಡೂ ಕೈ ಹಿಡಿದಳು, ಬೆಚ್ಚಗಿತ್ತು ಅವಳ ಕೈ. ಅಕ್ಕಾ ಅನ್ನಬೇಕಾ ನಾನು ಇವಳನ್ನು ಎಂದುಕೊಳ್ಳುತ್ತಲೇ ಹೌದು ಅಂದೆ, ಹೌದು, ನಾನೇ ಆಮೇಲಿನವಳು.

ಮೇಲೆ ಹತ್ತಲೇಬೇಕು ಎಂದು ಹಟ ಹಿಡಿದವಳು ಅವಳೇ, ಮಂಡಿ ಹೋದರೂ ಪರವಾಗಿಲ್ಲ, ಇನ್ನೊಂದ್ಸಲ ನೋಡ್ತೀನಿ, ಸಾಹೇಬರು ಮುಂದೆ, ಇವರು ಅವರ ಹಿಂದೆ, ನಡುವೆ ಫೋಟೋಗ್ರಾಫರ್ ಮತ್ತು ಹುಡುಗಿ, ಆಮೇಲೆ ಅವಳು ಕಂಬಿ ಒಂದು ಕೈಯಲ್ಲಿ ಕೋಲು ಒಂದು ಕೈಯಲ್ಲಿ, ಟಕ್ ಟಕ್ ಎನ್ನುತ್ತಾ ಸುತ್ತು ಮೆಟ್ಟಿಲು ಹತ್ತುತ್ತಾಳೆ, ಕೊನೆಯಲ್ಲಿ ನಾನು, ಅವಳ ಹಿಮ್ಮಡಿಯ ಬಿರುಕು ನೋಡುತ್ತಾ, ಇವಳು ಉರುಳಿದರೆ ನನ್ನ ಮೇಲೇ ಉರುಳುವುದು, ಅದೂ ನನ್ನ ಪಾಲಿಗೇ. ಮೇಲೆ ಗಾಳಿ, ಅದೇ ಗಾಳಿ, ಕಿವಿ ತುಂಬುವ ಗಾಳಿ, ದೀಪದ ದೊಡ್ಡ ಗಾಜುಗಳಿಗೆ ಈಗ ಪರದೆ ಹಾಕಿದ್ದಾರೆ, ಆಚೆಯ ಗುಡ್ಡದ ಮೇಲೆ ಕಬ್ಬಿಣದ ಕಂಬವೊಂದು ನಿಂತಿದೆ, ತಾನೇ ಹತ್ತಿ ತಾನೇ ಆರುವ ದೀಪ, ಅದಕ್ಕೆ ಮನುಷ್ಯರೂ ಬೇಡ, ಮನುಷ್ಯರ ಹೆಂಡತಿಯರೂ ಬೇಡ. ಇವರು ಸಾಹೇಬರಿಗೆ ಏನೋ ವಿವರಿಸುತ್ತಾ ಆ ಬದಿಗೆ ಹೋದರು, ನಾವಿಬ್ಬರೇ ಕಂಬಿಯ ಹತ್ತಿರ ಉಳಿದೆವು, ಅವಳು ಏದುಸಿರು ಬಿಡುತ್ತಾ ಸಮುದ್ರಕ್ಕೆ ಬೆನ್ನು ಹಾಕಿ ನಿಂತಳು. ಒಂದು ವಿಷಯ ಹೇಳ್ಲಾ, ಯಾರಿಗೂ ಹೇಳ್ಬೇಡಿ, ಅಂದಳು, ಆ ಫೋಟೋ ಇದ್ಯಲ್ಲ, ಹಡಗು ಕಾಯೋ ಹೆಣ್ಣು ಅಂತಾರಲ್ಲ, ನಾನು ಆವತ್ತು ರಸ್ತೆ ನೋಡ್ತಿದ್ದೆ. ರಸ್ತೆ ಅಂದರೆ? ಬಸ್ಸು, ಬಸ್ಸು ಬರುತ್ತಾ ಅಂತ ನೋಡ್ತಿದ್ದೆ, ದಿನಾ ನೋಡ್ತಿದ್ದೆ, ಇಲ್ಲಿಂದ ಹೊರಟರೆ ಸಾಕಾಗಿತ್ತು. ನಾನು ಬಗ್ಗಿ ನೋಡಿದೆ, ಹೌದು, ಅವಳು ಫೋಟೋದಲ್ಲಿ ನಿಂತ ಕಡೆಯಿಂದ ಕಾಣುವುದು ಸಮುದ್ರವಲ್ಲ, ಬಂಡೆ ದಾಟಿ ಹೋಗುವ ದಾರಿ, ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ, ಹೊಳೆಯಬೇಕಾದರೆ ಆ ಫೋಟೋವನ್ನು ನೆಟ್ಟಗೆ ನೋಡಬೇಕಿತ್ತಲ್ಲ. ಇವರು ಮಾತೇ ಆಡ್ತಿರ್ಲಿಲ್ಲ ಕಣ್ರೀ, ಅಂದಳು, ಒಳ್ಳೆಯವರೇ, ನೋಡ್ಕೊಳ್ತಿದ್ರು, ಆದರೆ ಮಾತು ಇಲ್ಲ, ನಂಗೆ ಗೋಡೆ ಜೊತೆ ಮಾತಾಡಿ ಮಾತಾಡಿ ಹುಚ್ಚು ಹಿಡಿಯೋದೊಂದು ಬಾಕಿ ಇತ್ತು, ನಿಮ್ಮ ಹತ್ರ ಆಡ್ತಾರಾ? ಗಾಳಿ ಅವಳ ಗಿಡ್ಡ ಕೂದಲನ್ನು ಎತ್ತಲು ನೋಡಿ ಸೋತು ಬಿಡುತ್ತಿತ್ತು, ಕಣ್ಣಲ್ಲಿ ನೀರು, ಗಾಳಿಗೋ ಏನೋ, ನನಗೆ ಒಂದು ಗಳಿಗೆ ಎಲ್ಲ ಹೇಳಿಬಿಡಬೇಕು ಅನ್ನಿಸಿತು, ಉಪ್ಪಿನ ಮಾತೂ ಸೇರಿ, ಅಕ್ಕಾ ಅನ್ನುವುದು ನಾಲಿಗೆಯ ತುದಿಗೂ ಬಂದಿತ್ತು, ಆದರೆ ಬಾಯಿಂದ ಬಂದದ್ದು ಬೇರೆ, ಆಡ್ತಾರಲ್ಲ, ತುಂಬಾ ಆಡ್ತಾರೆ, ಕೆಲವು ಸಲ ಸಾಕು ಸುಮ್ನಿರಿ ಅನ್ಬೇಕಾಗುತ್ತೆ. ಹೌದಾ, ಎಂದಳು ಅವಳು. ಹೌದಾ. ಮುಖ ಸಣ್ಣದಾಯಿತು, ನಾನು ನೋಡಿದೆ, ಸಣ್ಣದಾದದ್ದು ನೋಡಿ ತಂಪಾಯಿತು, ತಂಪಾದದ್ದಕ್ಕೆ ನಾಚಿಕೆಯಾಯಿತು, ಅವಳು ಹೇಳಿದಳು, ಹಾಗಾದ್ರೆ ನಿಮ್ಮನ್ನ ಕಂಡು ಹೊಟ್ಟೆ ಉರ್ಕೋಬೇಕಾದ್ದೇ ನಾನು, ಎಂದು ನಕ್ಕಳು, ಈ ಸಲ ಘೊಳ್ಳನೆ ಅಲ್ಲ.

ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು, ಅಲ್ಲಿಗೆ ಎಲ್ಲರೂ ಇಳಿದು ಬಂದು ಚಹಾ ಕುಡಿದು ಮನೆಗೆ ಹೋಗಿದ್ದರೆ, ಆದರೆ ಆ ಫೋಟೋಗ್ರಾಫರ್, ಮೇಡಂ, ಅದೇ ಜಾಗ, ಅದೇ ಥರ, ಕೈ ಹುಬ್ಬಿನ ಮೇಲೆ, ಆಗೊಂದು ಈಗೊಂದು, ಪೇಪರ್‌ನಲ್ಲಿ ಪಕ್ಕ ಪಕ್ಕ ಹಾಕ್ತೀವಿ, ಅಮ್ಮಾ ನೀವು ಸ್ವಲ್ಪ ಇದನ್ನ ಹಿಡ್ಕೊಳ್ತೀರಾ — ಅಮ್ಮಾ ಅಂದರೆ ನಾನು, ಇದು ಅಂದರೆ ಅವಳ ಕೈಚೀಲ, ಊರುಗೋಲು, ಹಾಗೇ ಸ್ವಲ್ಪ ಹಿಂದಕ್ಕೆ ಬನ್ನಿ ನಿಮ್ಮ ಶಾಲು ಬರ್ತಾ ಇದೆ, ಇನ್ನೂ ಸ್ವಲ್ಪ, ಹಾಂ. ನಾನು ಹಿಂದೆ ಹಿಂದೆ ಹೋಗಿ ಗಾಜಿಗೆ ಬೆನ್ನು ತಾಗಿಸಿ ನಿಂತೆ, ತೋಳಲ್ಲಿ ಅವಳ ಚೀಲ, ಕೈಯಲ್ಲಿ ಅವಳ ಕೋಲು, ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಲ್ಲಿಸುವ ಗೊಂಬೆಯ ಹಾಗೆ, ಅದೂ ಸಹಿಸಿದೆ, ದೇವರಾಣೆ ಅದನ್ನೂ ಸಹಿಸಿದೆ. ಸರ್, ನೀವೂ ಪಕ್ಕಕ್ಕೆ ಬನ್ನಿ ಸರ್, ಎಂದ ಅವನು, ನಾನು ಮನಸ್ಸಿನಲ್ಲೇ ನಕ್ಕೆ, ಬಂದ ಹಾಗೇ ಆಯಿತು, ಇವರು ಫೋಟೋಗೆ ನಿಂತ ಮನುಷ್ಯರಲ್ಲ, ಮಗಳ ಮದುವೆಯಲ್ಲೇ ಲೈಟು ಕಣ್ಣಿಗೆ ಹೊಡೆಯುತ್ತೆ ಎಂದು ತಪ್ಪಿಸಿಕೊಂಡವರು, ಮೂವತ್ತು ವರ್ಷಕ್ಕೆ ನಮ್ಮಿಬ್ಬರದು ಒಂದೇ ಒಂದು ಫೋಟೋ ಇದೆ, ಪಾಸ್‌ಪುಸ್ತಕಕ್ಕೆ ಬೇಕಾಗಿತ್ತು ಎಂದು ತೆಗೆಸಿದ್ದು — ಇವರು ಬಂದರು. ಅಂಗೈಗೆ ಉಗುಳು ಹಚ್ಚಿಕೊಂಡು ಕೂದಲು ಒತ್ತಿಕೊಂಡರು, ಕೋಟಿನ ಗುಂಡಿ ಹಾಕಿಕೊಂಡರು, ಹೋಗಿ ಅವಳ ಪಕ್ಕ ನಿಂತರು, ಬೆನ್ನು ನೆಟ್ಟಗೆ ಮಾಡಿಕೊಂಡು, ಹುಡುಗನ ಹಾಗೆ. ಆಗ ಕಾಲು ನನ್ನ ಮಾತು ಕೇಳಲಿಲ್ಲ. ಚೀಲವನ್ನು ಅಲ್ಲೇ ನೆಲದ ಮೇಲೆ ಇಟ್ಟೆ, ಕೋಲನ್ನು ಇಡಲಿಲ್ಲ, ಅದನ್ನು ಹಿಡಿದುಕೊಂಡೇ ಬಾಗಿಲು ದಾಟಿ ಮೆಟ್ಟಿಲಿಗೆ ಬಂದೆ, ಇಳಿದೆ, ಇಳಿಯಲಿ ನೋಡೋಣ ಅವಳು ಈಗ, ಮಂಡಿ ಇಟ್ಟುಕೊಂಡು ಹೇಗೆ ಇಳಿಯುತ್ತಾಳೋ ಇಳಿಯಲಿ, ಕೂತಲ್ಲೇ ಜಾರಿಕೊಂಡು ಬರಲಿ ಮಗುವಿನ ಹಾಗೆ, ಅದನ್ನೂ ತೆಗೆಯಲಿ ಫೋಟೋ, ಹಾಕಲಿ ಬಿಸ್ಕತ್ತಿನ ಡಬ್ಬಿಯ ಮೇಲೆ! ಕೋಲಿನ ರಬ್ಬರು ಮೆಟ್ಟಿಲಿಗೆ ತಾಗಿ ಧಪ್ ಧಪ್ ಎನ್ನುತ್ತದೆ, ನನಗೆ ಎರಡೂ ಮಂಡಿ ಗಟ್ಟಿಯಾಗಿವೆ, ಇಪ್ಪತ್ತು ವರ್ಷ ಹತ್ತಿಳಿದ ಮಂಡಿ, ಅದಾದರೂ ಒಂದಿದೆ ನನ್ನ ಹತ್ತಿರ ಅವಳ ಹತ್ತಿರ ಇಲ್ಲದ್ದು.

ಮೊದಲ ತಿರುವು ದಾಟಿ ಗೋಡೆಯ ಗೂಡಿನಂಥ ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಹೊಳೆಯಿತು, ಹೊಳೆದು ಅಲ್ಲೇ ಕೂತೆ, ಎಂಥ ದಡ್ಡಿ ನಾನು, ಎಂಥ ಪೆದ್ದಿ, ಕೋಲಿಲ್ಲದಿದ್ದರೆ ಅವಳು ಏನು ಹಿಡಿದುಕೊಂಡು ಇಳಿಯುತ್ತಾಳೆ, ಯಾರನ್ನು ಹಿಡಿದುಕೊಂಡು ಇಳಿಯುತ್ತಾಳೆ, ಸಾಹೇಬರನ್ನಂತೂ ಅಲ್ಲ, ಇವರನ್ನೇ — ಮತ್ತೆ ಹತ್ತಿ ಹೋಗಿ ಕೊಡಲೇ, ಅಯ್ಯೋ ಮರೆತು ತಂದುಬಿಟ್ಟೆ ಎನ್ನಲೇ, ಎದ್ದೆ, ಕೂತೆ, ಎದ್ದೆ, ಮೇಲೆ ಮಾತು ಕೇಳಿತು, ಕೋಲು ಎಲ್ಲೋಯ್ತು, ಇಲ್ಲೇ ಇತ್ತಲ್ಲ, ಹುಡುಗಿಯ ದನಿ, ಬಿಡಿ ನಾನು ಇಳಿಸ್ತೀನಿ, ಇವರ ದನಿ. ಬಿಡಿ ನಾನು ಇಳಿಸ್ತೀನಿ. ಹೆಜ್ಜೆ ಕೇಳಿತು, ಎರಡು ಪಾದ ಒಂದೇ ಮೆಟ್ಟಿಲಿಗೆ ಬಂದು ನಿಂತು ಮತ್ತೆ ಒಂದು ಮೆಟ್ಟಿಲು, ನಿಧಾನ, ಆತುರ ಇಲ್ಲ, ಇವರ ದನಿ ಕೆಳಗಿಳಿದು ಬರುತ್ತದೆ, ನಿಧಾನ, ಇಲ್ಲಿ ಕಾಲಿಡು, ಹಾಂ, ಇನ್ನೊಂದು, ಇಷ್ಟು ಮಾತು ಇವರು ಒಟ್ಟಿಗೆ ಆಡಿದ್ದನ್ನು ನಾನು ಯಾವಾಗ ಕೇಳಿದ್ದೆ. ನನ್ನ ತಲೆಯ ಮೇಲೆ, ಆ ತಿರುವಿನಲ್ಲಿ, ತಗ್ಗು ಬಾಗಿಲು, ಮೇಲ್ಪಟ್ಟಿ ಕಬ್ಬಿಣದ್ದು, ಹತ್ತುವಾಗ ಅದು ಕಾಣುತ್ತದೆ, ಇಳಿಯುವಾಗ ನಾವು ಕಾಲು ನೋಡುತ್ತಿರುತ್ತೇವೆ, ಅದು ಹಣೆ ನೋಡುತ್ತಿರುತ್ತದೆ — ಇವರ ಬೆನ್ನು ಮೊದಲು ಕಂಡಿತು, ಹಿಂದಕ್ಕೆ ಇಳಿಯುತ್ತಿದ್ದಾರೆ, ಅವಳ ಕಡೆ ಮುಖ ಮಾಡಿ, ಎಡಗೈ ಅವಳ ಮೊಳಕೈಗೆ ಕೊಟ್ಟು, ಮತ್ತು ಬಲಗೈ ಮೇಲೆ ಹೋಯಿತು. ನೋಡಲಿಲ್ಲ, ಹುಡುಕಲಿಲ್ಲ, ಕೈ ತಾನಾಗಿಯೇ ಹೋಗಿ ಆ ಕಬ್ಬಿಣದ ಅಂಚಿಗೆ ಅಡ್ಡವಾಗಿ ನಿಂತಿತು, ಹಿಂಗೈ ಕಬ್ಬಿಣಕ್ಕೆ, ಅಂಗೈ ಅವಳಿಗೆ, ಅವಳ ತಲೆ ಬಂದು ಅಂಗೈಗೆ ಮೆತ್ತಗೆ ಬಡಿಯಿತು, ಬಿಳಿ ಕೂದಲು ಬೆರಳ ಸಂದಿಯಲ್ಲಿ ಬಂತು, ಅವಳು ಬಗ್ಗಿದಳು, ದಾಟಿದಳು. ಅಷ್ಟೇ. ಅವಳಿಗೆ ಗೊತ್ತಾಯಿತೋ ಇಲ್ಲವೋ, ಇವರಿಗೇ ಗೊತ್ತಾಯಿತೋ ಇಲ್ಲವೋ.

ನಾನು ಮದುವೆಯಾಗಿ ಬಂದ ವಾರ, ಮೇಲೆ ಹತ್ತಿಸಿಕೊಂಡು ಹೋಗಿ ದೀಪ ತೋರಿಸಿದರು, ಇಳಿಯುವಾಗ ಇದೇ ಬಾಗಿಲು, ಇದೇ ಪಟ್ಟಿ, ಧಡ್ ಎಂದು ಹೊಡೆದು ಕಣ್ಣೆಲ್ಲ ಮಿಣುಕು ಹುಳು, ಹಣೆಯಿಂದ ರಕ್ತ, ಇವರು ಕರ್ಚೀಫು ಒತ್ತಿ ಹಿಡಿದು ಹೇಳಿದ್ದು, ಇನ್ಮೇಲೆ ಮರೆಯಲ್ಲ ನೀನು. ಅದನ್ನು ನಾನೇ ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೆ, ನಮ್ಮನೆಯವರು ಹೀಗೆ ನೋಡಿ, ಹೆಂಡತಿ ತಲೆ ಒಡೆದರೂ ಪಾಠ ಹೇಳ್ತಾರೆ, ಮಗಳಿಗೆ ಹೇಳಿ ನಕ್ಕಿದ್ದೇನೆ, ಬೀಗರ ಮುಂದೆ ಹೇಳಿ ನಕ್ಕಿದ್ದೇನೆ, ನನ್ನ ಹತ್ತಿರ ಇದ್ದ ಒಂದೇ ಒಳ್ಳೆಯ ಕಥೆ ಅದು, ಈಗ ಅದನ್ನು ಹೇಗೆ ಹೇಳುವುದು, ಯಾರಿಗೆ ಹೇಳುವುದು. ಆ ಕೈಗೆ ಗೊತ್ತಿತ್ತು, ಆಗಲೂ ಗೊತ್ತಿತ್ತು, ಅಡ್ಡ ಹಿಡಿಯುವುದನ್ನು ಅದು ನನಗಿಂತ ಮುಂಚೆಯೇ ಕಲಿತಿತ್ತು, ನಾನು ಬಂದಾಗ ಇವರ ಜೇಬಿನಲ್ಲಿ ಸುಮ್ಮನಿತ್ತು. ನನ್ನನ್ನು ನೋಡಿ ಇವರು, ಓ, ಇಲ್ಲಿದ್ದೀಯಾ, ಅಂದರು, ಅವಳು ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡಳು, ನಾನು ಕೋಲು ಚಾಚಿದೆ, ಅಯ್ಯೋ ನನ್ನ ಕೈಲೇ ಉಳಿದುಬಿಡ್ತು ಅಕ್ಕಾ, ಎಂದೆ, ಅಂತೂ ಬಂತು ಆ ಅಕ್ಕ, ಸುಳ್ಳಿನ ಜೊತೆ ಬಂತು. ಅವಳು ನನ್ನ ಮುಖ ನೋಡಿದಳು, ಕೋಲು ನೋಡಿದಳು, ಮತ್ತೆ ನನ್ನ ಮುಖ. ಇವರು ಎರಡು ಮೆಟ್ಟಿಲು ಮುಂದೆ ಇಳಿದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದಳು, ನೀವು ಒಳ್ಳೆಯವರು ತಂಗಿ, ನಾನಾಗಿದ್ರೆ ಸಮುದ್ರಕ್ಕೇ ಎಸೀತಿದ್ದೆ. ನಗು ಬಂತು, ಅಳು ಬಂತು, ಎರಡೂ ಒಂದೇ ಮೂಗಿನಿಂದ ಬರಲು ನೋಡಿ ಕೆಮ್ಮಾಯಿತು, ಅವಳು ನನ್ನ ಬೆನ್ನು ಸವರಿದಳು, ಅವಳಿಗೆ ಗೊತ್ತಾಗುತ್ತದೆ, ಅವಳಿಗೆ ಎಲ್ಲ ಗೊತ್ತಾಗುತ್ತದೆ, ಒಳ್ಳೆಯ ಹೆಂಗಸು, ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು, ಹೊರಡುವಾಗ ಕಾರಿನ ಕಿಟಕಿಯಿಂದ ಕೈ ಆಡಿಸಿದಳು, ಬನ್ನಿ ನಮ್ಮೂರಿಗೆ, ಇಬ್ಬರೂ ಬನ್ನಿ, ಇವರು ತಲೆ ಅಲ್ಲಾಡಿಸಿದರು, ಹೂಂ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಕಾರು ಬಂಡೆ ದಾಟಿ ಆ ದಾರಿಯಲ್ಲೇ ಹೋಯಿತು. ನಾವು ಹೊರಡುವ ಮುಂಚೆ ನಾನು ಕನ್ನಡಕದ ಹುಡುಗಿಯನ್ನು ಕರೆದು, ಆ ಕೆಟಲ್ ನನ್ನದು ಮಗಳೇ, ತಂತಿ ಸುತ್ತಿದ್ದು ನಾನು, ಎಂದೆ, ಹೌದಾ ಅಮ್ಮಾ, ಮೊದಲೇ ಹೇಳ್ಬಾರ್ದಾ, ಬರೆಸ್ತೀನಿ, ನಿಮ್ಮ ಫೋಟೋ ಒಂದಿದ್ರೆ ಕಳ್ಸಿ, ಎಂದಳು. ಫೋಟೋ. ಪಾಸ್‌ಪುಸ್ತಕದಿಂದ ಕಿತ್ತು ಕಳಿಸಬೇಕು.

ಜೀಪು ಇಳಿದು, ಸೈಕಲ್ ಅಂಗಡಿಯ ಮೇಲಿನ ನಮ್ಮ ಎರಡು ಕೋಣೆಗೆ ಬಂದು, ಬಾಗಿಲು ತೆಗೆದು, ಶಾಲು ಮಡಿಸಿ, ಚಹಾಕ್ಕೆ ಇಟ್ಟೆ, ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಾರೆ, ಸುಯ್ ಸುಯ್, ಸಂಜೆಯ ಬಿಸಿಲು ಮೇಜಿನ ಮೇಲೆ, ಇವರು ಕುರ್ಚಿಯಲ್ಲಿ ಕೂತು ತಾವಾಗಿಯೇ, ಕೇಳದೆಯೇ, ಮಾತಾಡಿದರು, ಯಾಕೆ ಇಳಿದು ಹೋದೆ ನೀನು? ಕಾಲು ನೋವು ಅಂದೆ. ಅವನು ಫೋಟೋ ತೆಗೆಯೋವಾಗ ಇವಳೂ ಬರ್ಲಿ ಅಂದೆ, ತಿರುಗಿ ನೋಡಿದೆ, ನೀನೇ ಇರ್ಲಿಲ್ಲ. ನೀವು ಅಂದ್ರಾ? ಅಂದೆ. ಇವಳೂ ಅಂದ್ರಾ? ಹೂಂ, ನಮ್ಮನೆಯವಳು ಇದಾಳೆ, ಅವಳೂ ಬರ್ಲಿ ಅಂದೆ. ಸುಳ್ಳು ಹೇಳುವ ಜಾತಿಯಲ್ಲ ಇವರು, ಸುಳ್ಳಿಗೂ ಮಾತು ಬೇಕಲ್ಲ, ಹಾಗಾದರೆ ನಾಳೆ ಪೇಪರ್‌ನಲ್ಲಿ ಅವಳ ಪಕ್ಕ ನಿಂತು ಇವರು ಮುಖ ಆಚೆ ತಿರುಗಿಸಿರುತ್ತಾರೆ, ಜನ ಕೇಳುತ್ತಾರೆ ಏನು ನೋಡುತ್ತಿದ್ದಾರೆ ಎಂದು, ಹಡಗು ಅನ್ನುತ್ತಾರೆ, ನನ್ನನ್ನು, ನನ್ನನ್ನು ನೋಡುತ್ತಿದ್ದರು, ನಾನು ಅಷ್ಟರಲ್ಲಿ ಕದ್ದ ಕೋಲು ಹಿಡಿದು ಇಳಿಯುತ್ತಿದ್ದೆ — ಸಾಕಲ್ಲವೇ ಇದು, ಇಷ್ಟು ಸಾಕಾಗಬೇಕಲ್ಲವೇ ಒಬ್ಬಳಿಗೆ, ಎದೆ ಹಗುರಾಗಬೇಕು, ಆಗುತ್ತಾ ಇದೆ, ಚಹಾದ ಲೋಟ ಕೊಡುತ್ತೇನೆ, ಇವರು ಬಲಗೈ ಚಾಚುತ್ತಾರೆ, ಹಿಂಗೈಯ ಮೇಲೆ ಬೆರಳ ಗೆಣ್ಣುಗಳ ಉದ್ದಕ್ಕೂ ಚರ್ಮ ಎದ್ದು ಕೆಂಪಗೆ ಗೆರೆ. ಏನಿದು? ಏನಿಲ್ಲ, ಎಲ್ಲೋ ತಗುಲಿರ್ಬೇಕು. ಎಲ್ಲೋ. ಕಪಾಟಿನಿಂದ ಮುಲಾಮು ತೆಗೆದು ಕೂತು ಆ ಕೈಯನ್ನು ನನ್ನ ಮಡಿಲಿಗೆ ಎಳೆದು ಹಚ್ಚುತ್ತೇನೆ, ಉರಿಯುತ್ತಾ, ಅಂದರೆ ಇಲ್ಲ ಅನ್ನುತ್ತಾರೆ, ಗಾಯ ಹಿಂಗೈಯಲ್ಲಿದೆ, ಕಬ್ಬಿಣ ತಾಗಿದ ಕಡೆ, ತಿರುಗಿಸಿ ನೋಡುತ್ತೇನೆ, ಅಂಗೈಗೆ ಏನೂ ಆಗಿಲ್ಲ, ಒಂದು ಗೀರೂ ಇಲ್ಲ, ಮೆತ್ತಗೆ, ಬೆಚ್ಚಗೆ, ತೆರೆದುಕೊಂಡು ಮಲಗಿದೆ, ಇಷ್ಟು ದೊಡ್ಡದೇ ಇವರ ಅಂಗೈ, ಒಂದು ತಲೆ ಹಿಡಿಸುವಷ್ಟು, ಇವರು ಚಹಾ ಕುಡಿಯುತ್ತಾ ಪೇಪರ್ ಹಾಕೋ ಹುಡುಗ ಬೆಳಿಗ್ಗೆ ಎಷ್ಟೊತ್ತಿಗೆ ಬರ್ತಾನೋ ಎಂದು ಏನೋ ಹೇಳುತ್ತಿದ್ದಾರೆ, ಮಾತಾಡುತ್ತಿದ್ದಾರೆ, ಕೇಳಬೇಕು ನಾನು, ಕೇಳುತ್ತಿಲ್ಲ, ಕಬ್ಬಿಣದ ಅಂಚು, ಅದಕ್ಕೆ ಅಡ್ಡವಾಗಿ ಕೈ, ಬೆರಳ ಸಂದಿಯಲ್ಲಿ ಬಿಳಿ ಕೂದಲು, ಕಬ್ಬಿಣದ ಅಂಚು, ಅಡ್ಡವಾಗಿ ಈ ಕೈ, ಬೆರಳ ಸಂದಿಯಲ್ಲಿ